ಆಳದ ಕವಲು

ಬೂದಿಕೋಟೆ ಬಳಿಯಿಂದ
ಗುರುವಾರ, 12-12-2024

ಮಗಳೇ ನವ್ಯ,

ನಿನ್ನಮ್ಮನ ಆಶೀರ್ವಾದ. ಅಕ್ಷರಗಳು ಸೊಟ್ಟಗಿವೆ ಎಂದು ನಗಬೇಡ. ಹಸು ಒದ್ದು ಬಲಗೈ ಊದಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನನ್ನ ಫೋನನ್ನು ನಿಮ್ಮಪ್ಪ ಕಲ್ಲಿನಿಂದ ಜಜ್ಜಿ ಹಾಕಿದ. ಅದಕ್ಕೇ ಹಾಲಿನ ಡೈರಿಯ ಶ್ಯಾಮಲಳ ಕೈಗೆ ಈ ಕಾಗದ ಕೊಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಶನಿವಾರ ನಿನ್ನ ಗಂಡ ವೆಂಕಿ ಹೊಳೆಯ ಕಡೆ ಕಾಲಿಡಬಾರದು. ಇಟ್ಟರೆ ಹೆಣವಾಗುತ್ತಾನೆ.

ಹಾಳು ನಡುಗಡ್ಡೆ! ನಾನು ಮದುವೆಯಾಗಿ ಬಂದಾಗ ಅದು ಇರಲೇ ಇಲ್ಲ. ಹೊಳೆ ಎರಡು ಕವಲಾಗಿ ಕೆರೆಗೆ ಬೀಳುವ ಬಾಯಲ್ಲಿ ಒಂದಿಷ್ಟು ಜೊಂಡು, ಒಂದು ಎಮ್ಮೆ ಮಲಗುವಷ್ಟು ಕೆಸರು, ಅಷ್ಟೇ. ಮೇಲಿನ ಗುಡ್ಡಗಳನ್ನು ಬೋಳಿಸಿದ ಮೇಲೆ ಮಳೆ ಬಂದಾಗಲೆಲ್ಲ ಮಣ್ಣು ಬಂದು ಕೂತಿತು. ನೀನು ಹುಟ್ಟುವ ಹೊತ್ತಿಗೆ ಅಲ್ಲಿ ರಾಗಿ ಚೆಲ್ಲಿದ್ದೆವು. ನೀನು ಸ್ಕೂಲಿಗೆ ಹೋಗುವಾಗ ಅಲ್ಲಿಯ ಕೊತ್ತಂಬರಿ ಬಂಗಾರಪೇಟೆಗೆ ಹೋಗುತ್ತಿತ್ತು. ಯಾವ ಪಹಣಿಯಲ್ಲೂ ಅದಿಲ್ಲ. ಎರಡು ಕವಲಿನಲ್ಲಿ ಆಳವಾದದ್ದೇ ನಮ್ಮೂರಿಗೂ ಆಚೆ ದಡದ ನಿಮ್ಮೂರಿಗೂ ಗಡಿ. ಮಳೆ ನಿಂತ ಮೇಲೆ ಹಿರಿಯರು ಬಿದಿರಿನ ಗಳ ಇಳಿಸಿ ನೋಡುತ್ತಾರೆ. ಈ ವರ್ಷ ನಮ್ಮ ದಡದ ಕವಲು ಕೊರೆದು ಆಳವಾಯಿತು, ನಡುಗಡ್ಡೆ ನಿಮ್ಮೂರಿನ ಪಾಲಾಗುವುದಿತ್ತು.

ನಿಮ್ಮಪ್ಪ ಸುಮ್ಮನಿರುತ್ತಾನಾ? ನೀರೆಲ್ಲ ನಿಮ್ಮ ಕಡೆ ತಿರುಗಿ ಅಲ್ಲಿ ಆಳವಾಗಲಿ ಎಂದು ಮರಳಿನ ಮೂಟೆ ಒಟ್ಟಿ ನಮ್ಮ ಕವಲನ್ನೇ ಮುಚ್ಚಿದ. ಅದನ್ನು ಕೀಳಲು ಬಂದ ವೆಂಕಿಯ ಅಣ್ಣ ಮಚ್ಚು ಬೀಸಿದ. ನಿನ್ನ ತಮ್ಮ ಬಾಲಾಜಿಯ ಬೆರಳುಗಳು ಕೊತ್ತಂಬರಿ ಮಡಿಯೊಳಗೆ ಬಿದ್ದವು. ನಾನೇ ಆಯ್ದು ಸೆರಗಿಗೆ ಕಟ್ಟಿಕೊಂಡು ಕೋಲಾರದ ಆಸ್ಪತ್ರೆಗೆ ಹೋದೆ. ಒಂದೂ ಕೂಡಲಿಲ್ಲ. ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಕೈ ನವ್ಯ ಅದು. ಅದೇ ಸಂಜೆ ನಿಮ್ಮಪ್ಪ ನಿಮ್ಮ ಗಬ್ಬದ ಹಸುವಿನ ಕಾಲು ಕಡಿದ. ಅದು ಅರಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎರಡು ಮನೆಯ ಗಂಡಸರನ್ನು ನೆನೆದರೂ ನನಗೆ ಅಸಹ್ಯವಾಗುತ್ತದೆ.

ಮೊನ್ನೆ ಮೂಟೆಗಳು ಒಡೆದು, ಕಟ್ಟಿನಿಂತ ನೀರು ಒಮ್ಮೆಲೇ ನುಗ್ಗಿ ನಡುಗಡ್ಡೆಯೇ ಕೊಚ್ಚಿಹೋದದ್ದು ನಿನಗೆ ಗೊತ್ತೇ ಇದೆ. ಅದು ವೆಂಕಿಯದೇ ಕೆಲಸ ಎಂದು ನಿಮ್ಮಪ್ಪ ಹಟ ಹಿಡಿದಿದ್ದಾನೆ. ನಡುಗಡ್ಡೆ ಹೋದರೂ ಗಡಿ ಗೊತ್ತುಮಾಡಲು ಶನಿವಾರ ಹಿರಿಯರು ಸೇರುತ್ತಾರಲ್ಲ, ನಿಮ್ಮೂರಿನ ಪರವಾಗಿ ಗಳ ಹಿಡಿಯುವವನು ವೆಂಕಿ. “ನೀರಿಗೆ ಇಳೀಲಿ, ಅಲ್ಲೇ ಕಡ್ದಾಕ್ತೀನಿ. ಮಗಳು ಮುಂಡೆಯಾದ್ರೆ ಆಗ್ಲಿ” ಎನ್ನುತ್ತಾ ಜಗಲಿಯಲ್ಲಿ ಮಚ್ಚು ಮಸೆಯುತ್ತಿದ್ದಾನೆ. ಹೆತ್ತ ಮಗಳ ಬಗ್ಗೆ ಆಡುವ ಮಾತಾ ಇದು?

ಮಗುವನ್ನು ಅಂಗಳದಲ್ಲಿ ಬಿಡಬೇಡ.

ನಿನ್ನ ಅಮ್ಮ,
ಮುನಿರತ್ನಮ್ಮ

ಇನ್ನೊಂದು ಮಾತು. ಹಸು ಒದೆಯಲಿಲ್ಲ ನವ್ಯ. ಬಟ್ಟೆ ಒಗೆಯುವ ನೆಪದಲ್ಲಿ ಹೋಗಿ ಕುಡುಗೋಲಿನಿಂದ ಆ ಮೂಟೆಗಳನ್ನು ಕೊಯ್ದವಳು ನಾನು. ಆ ಮಣ್ಣು ಹೋದರೆ ಜಗಳವೂ ಹೋಗುತ್ತದೆ ಎಂದುಕೊಂಡೆ. ನಿಮ್ಮಪ್ಪನ ಎದುರು ನಿಂತು ಹೇಳಿಯೂ ಹೇಳಿದೆ. “ಅಳಿಯನ್ನ ಉಳಿಸ್ಕಳಕ್ಕೆ ಸುಳ್ಳು ಯೋಳ್ತೀಯಾ?” ಎಂದು ಗುದ್ದಲಿ ಕಾವಿನಿಂದ ನನ್ನ ಕೈ ಮುರಿದ. ಅವನು ನಂಬಲಿಲ್ಲ. ನೀನಾದರೂ ನಂಬು, ವೆಂಕಿಯನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕು.