ಆರನೇ ಟೆಸ್ಟ್

ಮಾರ್ಚ್ 4, ಸಂಜೆ

ಡ್ರೈವಿಂಗ್ ಟೆಸ್ಟ್ ಮತ್ತೆ ಫೇಲ್. ಮೂರನೇ ಸಲ. ಮುಂದಕ್ಕೆ ಓಡಿಸುವುದೆಲ್ಲ ಸರಿ — ರಿವರ್ಸ್‌ನಲ್ಲಿ ಎರಡು ಕಂಬಗಳ ನಡುವೆ ವ್ಯಾನ್ ನಿಲ್ಲಿಸಬೇಕು ಅಂದರೆ ಕೈಕಾಲು ಆಡುವುದಿಲ್ಲ. ಇವತ್ತೂ ಎಡಗಡೆ ಕಂಬ ಬಿತ್ತು. ಇನ್‌ಸ್ಪೆಕ್ಟರ್ ತಲೆ ಎತ್ತದೆ, "ಹದಿನೈದು ದಿನ ಬಿಟ್ಟು ಬನ್ನಿ ಅಮ್ಮಾ," ಅಂದರು. ಐವತ್ತೊಂದು ವಯಸ್ಸು ನನಗೆ. ಸಾಲಿನಲ್ಲಿದ್ದವರೆಲ್ಲ ಮಗಳ ವಯಸ್ಸಿನವರು.

ನಮ್ಮ ಮನೆಯವರು ಗೇಟಿನ ಹತ್ತಿರ ಕಾಯುತ್ತಿದ್ದರು. ಸದ್ದು ಕೇಳಿಸಿತ್ತಂತೆ.

"ಕಂಬ ತಾನೇ? ಮನುಷ್ಯ ಅಲ್ವಲ್ಲ. ಬಾ, ಪ್ರಾಕ್ಟೀಸ್ ಮಾಡೋಣ."

ಮಾರ್ಚ್ 7

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಇವರ ಕಣ್ಣಿನ ನರ ಒಣಗುತ್ತಿದೆ. ಎದುರಿನದು ಮಾತ್ರ ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲ. ಇಪ್ಪತ್ತೆಂಟು ವರ್ಷ ಬ್ರೆಡ್ ವ್ಯಾನ್ ಓಡಿಸಿದ ಮನುಷ್ಯ.

"ಡ್ರಾಪ್ಸ್ ಬಿಡದೆ ಹಾಕಿ," ಅಂದರು ಡಾಕ್ಟರು.

"ಹಾಕಿದ್ರೆ ಕಣ್ಣು ಬರುತ್ತಾ?" ನಾನು ಕೇಳಿದೆ.

"ಹೋಗೋದು ನಿಧಾನ ಆಗುತ್ತೆ."

ನನ್ನ ಲೈಸೆನ್ಸಿಗೆ ಬೇಕರಿ ಯಜಮಾನರು ಮೇ ಕೊನೆವರೆಗೆ ಕಾಯುತ್ತಾರಂತೆ. ಅಲ್ಲಿಯವರೆಗೆ ಬೆಳಗಿನ ಲೈನಿಗೆ, ಅಂಗಡಿ ಅಂಗಡಿಗೆ ಬ್ರೆಡ್ ಹಾಕುವುದಕ್ಕೆ, ಅವರ ಅಳಿಯ ನಮ್ಮ ವ್ಯಾನ್ ತಗೊಂಡು ಹೋಗುತ್ತಾನೆ. ಅಷ್ಟರಲ್ಲಿ ನಾನು ಪಾಸಾಗದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ.

ಮಾರ್ಚ್ 12

ಗೋಡೌನ್ ಹಿಂದಿನ ಖಾಲಿ ಜಾಗ. ಕಂಬದ ಬದಲು ಎರಡು ಎಣ್ಣೆ ಡಬ್ಬ. ಇವರು ಪಕ್ಕದ ಸೀಟಿನಲ್ಲಿ. "ಕನ್ನಡಿ ನೋಡು. ಈಗ ತಿರುಗ್ಸು. ನಿಧಾನ ಕಣೇ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ."

ಹತ್ತೊಂಬತ್ತು ಸಲ ಮಾಡಿದೆ. ಹದಿನಾರು ಸಲ ಡಬ್ಬ ಉರುಳಿತು. ಎತ್ತಿ ನಿಲ್ಲಿಸುವುದು ಇವರೇ. ಅತ್ತ ಇತ್ತ ತಲೆ ತಿರುಗಿಸಿ ಹುಡುಕುತ್ತಾರೆ. ಡಬ್ಬ ಕಾಲ ಬುಡದಲ್ಲೇ ಇರುತ್ತದೆ.

"ಸಾಕು ರೀ. ನನ್ನಿಂದಾಗಲ್ಲ."

"ಇನ್ನೊಂದ್ಸಲ."

ಮಾರ್ಚ್ 20

ಫೇಲ್. ಬಂದವಳೇ ಮಲಗಿದೆ.

ಏಪ್ರಿಲ್ 29

ಐದನೆಯದೂ ಹೋಯಿತು. ಬರೆಯುವುದಕ್ಕೆ ಏನಿದೆ... ದಿನಾ ಡಬ್ಬ, ದಿನಾ ಡ್ರಾಪ್ಸ್. ನನ್ನ ಕೈ ಸ್ವಲ್ಪ ಕುದುರಿದೆ. ಇವರು ನಿನ್ನೆ ನಮ್ಮ ಮನೆಯ ಬಾಗಿಲಿಗೇ ಭುಜ ಬಡಿಸಿಕೊಂಡರು.

ಇವತ್ತು ಮತ್ತೆ "ಇನ್ನೊಂದ್ಸಲ" ಅಂದಾಗ ಸಿಟ್ಟು ಬಂತು. "ಈ ಹಟಕ್ಕೆ ಕಣ್ಣು ವಾಪಸ್ ಬರೋದಾಗಿದ್ರೆ ನೂರು ಸಲ ಮಾಡ್ತಿದ್ದೆ," ಅಂದುಬಿಟ್ಟೆ. ಅನ್ನಬಾರದಿತ್ತು.

ಕೈಗಾದರೆ ಹೇಳಿ ಹೇಳಿ ಕಲಿಸಬಹುದು. ನರಕ್ಕೆ ಯಾರು ಹೇಳುವುದು.

ಮೇ 15, ಮಧ್ಯಾಹ್ನ

ಪಾಸ್. ಎರಡು ಕಂಬವೂ ಅಲುಗಲಿಲ್ಲ. "ಕೊನೆಗೂ ಬಿಡಲಿಲ್ಲ ನೀವು," ಅಂದರು ಇನ್‌ಸ್ಪೆಕ್ಟರ್.

ಇವರು ನಕ್ಕರು, ಬೆನ್ನು ತಟ್ಟಿದರು. ಮನೆಗೆ ಬಂದು ಬಚ್ಚಲಿಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದರು. ಬಾಗಿಲು ತಟ್ಟಲಿಲ್ಲ ನಾನು.

ಮೇ 21

ನನ್ನ ಮೊದಲ ದಿನದ ಲೈನ್. ಬೇಡ ಅಂದರೂ ಪಕ್ಕದಲ್ಲಿ ಕೂತರು. ಅಂಗಡಿಯವರೆಲ್ಲ ಇವರನ್ನೇ ಮಾತಾಡಿಸಿದರು. ಖುಷಿಯಲ್ಲಿದ್ದರು.

ಆಸ್ಪತ್ರೆ ಸರ್ಕಲ್‌ನಲ್ಲಿ ನಿಲ್ಲಿಸಿದೆ. ಹಳೇ ಅಭ್ಯಾಸ — ಎಡಕ್ಕೆ ಒಮ್ಮೆ ನೋಡಿ, "ಖಾಲಿ ಇದೆ, ಹೋಗು," ಅಂದರು. ಕ್ಲಚ್ ಬಿಡುವ ಮುಂಚೆ ನಾನೂ ನೋಡಿದೆ. ಸೈಕಲ್ಲಿನಲ್ಲಿ ಒಬ್ಬ ಹೆಂಗಸು, ಹಿಂದೆ ಮಗು. ಬ್ರೇಕ್ ಮೇಲಿನ ಕಾಲು ತೆಗೆಯಲಿಲ್ಲ. ಅವರು ನಮ್ಮೆದುರು ಹಾದುಹೋಗುವಾಗ ಇವರಿಗೂ ಕಂಡರು.

ಆಮೇಲೆ ಇವರು ಯಾವ ಅಂಗಡಿಯಲ್ಲೂ ಇಳಿಯಲಿಲ್ಲ.

ನಾಳೆಯಿಂದ ಬರುವುದು ಬೇಡ ಅಂತ ನಾನೇ ಹೇಳಬೇಕಾ? ಇವರೇ ಹೇಳಲಿ ಅಂತ ಇಷ್ಟು ಹೊತ್ತು ಕಾದೆ. ಈಗ ಅಡುಗೆಮನೆಯಿಂದ ಕೇಳುತ್ತಿದ್ದಾರೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡೋಣ ಅಂತ. "ನಾನೊಬ್ಬಳೇ ಹೋಗ್ತೀನಿ ರೀ," ಅಂದೆ.