ಎರಡೇ ಪೆಡಲ್

ಮಾರ್ಚ್ 4, ಸೋಮವಾರ

ಬೆಳಗ್ಗೆ ಏಳಕ್ಕೇ ಆಸ್ಪತ್ರೆಗೆ ಹೊರಟೆವು. ತಂಗಿ ಪುಟ್ಟಿಯ ಪಾದ ಇವತ್ತು ಅಷ್ಟಾಗಿ ಊದಿರಲಿಲ್ಲ. ಅವಳನ್ನು ಮೆಷಿನ್‌ಗೆ ಹಾಕಿದ ಮೇಲೆ ಹೊರಗೆ ಕೂತು ಸ್ವೆಟರ್ ಹೆಣೆದೆ. ಒಂದು ತೋಳು ಮುಗಿಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್… ಹೀಗೇ ನಡೆದರೆ ಚಳಿಗಾಲದ ಹೊತ್ತಿಗೆ ಬೀದಿಗೆಲ್ಲ ಸ್ವೆಟರ್ ಹಂಚಬಹುದು.

ಬರುವಾಗ ಮೆಡಿಕಲ್ ಶಾಪ್ ಮುಂದೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ಕಾರು ಚಂಗನೆ ಮುಂದಕ್ಕೆ ನೆಗೆದು, ಕಸದ ಡಬ್ಬ ಉರುಳಿಸಿ, ಕಟ್ಟೆಗೆ ತಾಗಿ ನಿಂತಿತು. ಅಂಗಡಿಯವನು ಓಡಿ ಬಂದ. ಚಪ್ಪಲಿ ಜಾರಿತು ಅಂದೆ. ಜಾರಿರಬೇಕು.

ಪುಟ್ಟಿ ಕಾಲ ಬಳಿ ಬಿದ್ದಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮನೆ ಬರುವವರೆಗೆ ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು.

ಮಾರ್ಚ್ 6, ಬುಧವಾರ

ತೆಳು ಅಡಿಯ ಶೂ ತಂದೆ. ಕಾಲಿಗೆ ಪೆಡಲ್ ಗೊತ್ತಾಗಬೇಕು.

ಹಳೆಯ ಕಾರಿನಲ್ಲಿ ಮೂರು ಪೆಡಲ್ ಇದ್ದವು, ಎಡಗಾಲಿಗೂ ಕೆಲಸವಿತ್ತು. ಗಾಬರಿಯಾದರೆ ಎರಡೂ ಕಾಲು ಒತ್ತುತ್ತಿದ್ದೆ, ಗಾಡಿ ಗಕ್ಕನೆ ನಿಂತು ಆಫ್ ಆಗುತ್ತಿತ್ತು. ಮಂಡಿ ನೋವು ಶುರುವಾದ ಮೇಲೆ ಹೆಡ್‌ಮೇಡಂ ಹಠ ಹಿಡಿದು ಆಟೋಮ್ಯಾಟಿಕ್ ಕೊಡಿಸಿದಳು. ಹೆಡ್‌ಮೇಡಂ ಅಂದರೆ ಪುಟ್ಟಿಯ ಮಗಳು. ಶಾಲೆ ನಡೆಸುತ್ತಾಳೆ, ನಮ್ಮಿಬ್ಬರನ್ನೂ ನಡೆಸಲು ನೋಡುತ್ತಾಳೆ. ಈಗ ಎರಡೇ ಪೆಡಲ್, ಬ್ರೇಕು ಮತ್ತು ಆಕ್ಸಿಲರೇಟರು. ಎರಡಕ್ಕೂ ಒಂದೇ ಕಾಲು.

ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಅಭ್ಯಾಸ ಮಾಡಿದೆ. ಬಲ — ಎಡ — ಬಲ. ಪುಟ್ಟಿ ಬಾಗಿಲಲ್ಲಿ ನಿಂತು ನೋಡಿದಳು. ಮುದುಕಿ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದಾಳೇನೋ ಅಂದುಕೊಂಡಳಂತೆ. ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಮಾರ್ಚ್ 12, ಮಂಗಳವಾರ

ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಬ್ರೇಕ್ ನೋಡಪ್ಪಾ, ಏನೋ ಹೆಚ್ಚುಕಮ್ಮಿಯಾಗಿದೆ ಅಂದೆ. ಚಕ್ರ ಬಿಚ್ಚಿ ನೋಡಿದ, ಓಡಿಸಿ ನೋಡಿದ. ಬ್ರೇಕ್ ಹೊಸದರ ಹಾಗಿದೆಯಂತೆ. ಇನ್ನೊಂದು ಸಲ ನೋಡು ಅಂದೆ. ನೋಡಿದ. ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡದೆ ಹೇಳಿದ — "ಗಾಡೀಲಿ ಏನೂ ಇಲ್ಲ ಸಿಸ್ಟರಕ್ಕ."

ಇವನನ್ನು ಹೆರಿಗೆ ವಾರ್ಡಿನಲ್ಲಿ ಬಟ್ಟೆ ಸುತ್ತಿ ಅವನಮ್ಮನ ಕೈಗೆ ಕೊಟ್ಟವಳು ನಾನು. ಈ ಊರಿನಲ್ಲಿ ಅರ್ಧ ಜನಕ್ಕೆ ನಾನು ಸಿಸ್ಟರಕ್ಕ.

ಏನಾದರೂ ಕೆಟ್ಟಿದೆ ಅನ್ನುತ್ತಾನೆಂದು ಎಷ್ಟು ಆಸೆಯಿತ್ತು!

ಮಾರ್ಚ್ 24, ಭಾನುವಾರ

ಹೆಡ್‌ಮೇಡಂ ಬಂದಿದ್ದಳು. ಕಾರಿನ ಮೂತಿ ನೆಗ್ಗಿದ್ದು ಕಣ್ಣಿಗೆ ಬಿತ್ತು. ಮುಖ ಗಂಟಿಕ್ಕಿಕೊಂಡು ಒಳಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೈ ಚಾಚಿದಳು.

"ದೊಡ್ಡಮ್ಮ, ಕೀ ಕೊಡಿ."

ಕೊಡಲಿಲ್ಲ. ನೀನು ಶಾಲೆ ಬಿಟ್ಟು ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದೆ. ಟ್ಯಾಕ್ಸಿ ಗೊತ್ತು ಮಾಡುತ್ತೇನೆ ಅಂದಳು. ಪುಟ್ಟಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, ಜೀವ ನಂದು, ಡ್ರೈವರ್ರೂ ನಂದು, ನಿನಗೇನು ಅಂದಳು. ಮಗಳ ಕಣ್ಣು ತುಂಬಿತು.

ಕೊನೆಗೆ ಒಂದು ರಾಜಿ. ಲೈಸೆನ್ಸ್ ಹೇಗೂ ರಿನ್ಯೂವಲ್‌ಗೆ ಬಂದಿದೆ. ಡಾಕ್ಟರೂ ಟೆಸ್ಟ್ ಮಾಡುವವರೂ ಏನು ಹೇಳುತ್ತಾರೋ ಅದನ್ನು ಮೂವರೂ ಒಪ್ಪಬೇಕು.

ಏಪ್ರಿಲ್ 9, ಮಂಗಳವಾರ

ಪಾಸ್.

ಎಳೆ ವಯಸ್ಸಿನ ಡಾಕ್ಟರು. ಅಕ್ಷರ ಓದಿಸಿದರು, ಮಂಡಿಗೆ ತಟ್ಟಿದರು, ಇವತ್ತು ಯಾವ ವಾರ ಅಂತ ಕೇಳಿದರು, ನೂರರಿಂದ ಏಳೇಳು ಕಳೆಯಿರಿ ಅಂದರು. ಅವರಿಗಿಂತ ಬೇಗ ಕಳೆದೆ. ಆಮೇಲೆ ಒಬ್ಬ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು ಖಾಲಿ ರಸ್ತೆಯಲ್ಲಿ ಓಡಿಸಿ ಅಂದ. ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು ಕಾರು. ನಿಲ್ಲಿಸಿ ಅಂದಲ್ಲಿ ನಿಲ್ಲಿಸಿದೆ. ನಿಲ್ಲಿಸಿ ಅಂತ ಮೊದಲೇ ಹೇಳಿದರೆ ಯಾರು ತಾನೇ ನಿಲ್ಲಿಸುವುದಿಲ್ಲ? ನಾನು ಗಾಬರಿಯಾಗುವಂಥದ್ದು ಏನೂ ಅಲ್ಲಿ ನಡೆಯಲೇ ಇಲ್ಲ.

ಇದನ್ನು ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆದೆ, ಸಾಕು.

ಪುಟ್ಟಿಗೆ ಖುಷಿಯೋ ಖುಷಿ. ಹೆಡ್‌ಮೇಡಂ ಫೋನಿನಲ್ಲಿ, ಸರಿ ದೊಡ್ಡಮ್ಮ ಅಂದಳು.

ಏಪ್ರಿಲ್ 17, ಬುಧವಾರ

ದಾರಿಯುದ್ದಕ್ಕೂ ಪುಟ್ಟಿಯ ಬಾಯಿಗೆ ಬಿಡುವಿಲ್ಲ. ಸಿನಿಮಾ ಟಾಕೀಸಿನ ಕೌಂಟರಿನಲ್ಲಿ ಟಿಕೆಟ್ ಹರಿದುಕೊಟ್ಟೇ ಆಯಸ್ಸು ಕಳೆದವಳು. ಯಾರು ಯಾರ ಜೊತೆ ಬಂದು ಮೂಲೆಯ ಸೀಟು ಕೇಳಿದರು ಅನ್ನುವುದು ಇನ್ನೂ ಬಾಯಿಪಾಠ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಗಂಭೀರ ಮುಖದ ಮುದುಕನೊಬ್ಬನನ್ನು ತೋರಿಸಿ ಒಂದು ಕಥೆ ಹೇಳಿದಳು. ನಗು ತಡೆಯಲಾರದೆ ಹಸಿರು ಬಂದದ್ದೂ ತಿಳಿಯಲಿಲ್ಲ.

ಮನೆಯಲ್ಲಿ ಹೀಗೆ ಮಾತಾಡುವುದಿಲ್ಲ. ಮನೆಯಲ್ಲಿ ಮಾತ್ರೆ, ಟಿವಿ, ನಿದ್ದೆ.

ಆಸ್ಪತ್ರೆಯ ವಾಚ್‌ಮನ್ ಬಾಗಿಲ ಪಕ್ಕದ ಜಾಗ ನಮಗೇ ಅಂತ ಹಿಡಿದಿಟ್ಟಿದ್ದ. ವೀಲ್‌ಚೇರ್ ತಂದು, ರಾಣಿಯವರು ಇಳೀಬೇಕು ಅಂದ. ಪುಟ್ಟಿ ಗತ್ತಿನಿಂದಲೇ ಇಳಿದಳು.

ಮೇ 2, ಗುರುವಾರ, ಮಧ್ಯಾಹ್ನ

ಬರೆಯಲೇಬೇಕು. ಇಲ್ಲದಿದ್ದರೆ ತಲೆಯೊಳಗೇ ಸುತ್ತುತ್ತದೆ.

ಹೋದ ಶುಕ್ರವಾರ. ಆಸ್ಪತ್ರೆಯ ಗೇಟು ದಾಟಿದ್ದೆವು. ವಾಚ್‌ಮನ್ ನಮ್ಮ ಕಾರು ಕಂಡು ವೀಲ್‌ಚೇರ್ ತಳ್ಳಿಕೊಂಡು ಎದುರಿಗೆ ಬಂದ, ಜಾಗ ತೋರಿಸಿದ. ನಿಧಾನವಾಗಿಯೇ ಹೋಗುತ್ತಿದ್ದೆ. ಬೆನ್ನ ಹಿಂದೆ ಆಂಬುಲೆನ್ಸ್ ಹಾರ್ನ್ ಹೊಡೆಯಿತು. ಎದೆ ಧಸಕ್ಕೆಂದಿತು. ಬ್ರೇಕ್ ಒತ್ತಿದೆ. ನಿಲ್ಲಲಿಲ್ಲ. ನಿಲ್ಲುತ್ತಿಲ್ಲವಲ್ಲ ಎಂದು ಇನ್ನೂ ಜೋರಾಗಿ ಒತ್ತಿದೆ. ಇನ್ನೂ. ಅದು ಬ್ರೇಕೇ ಎಂದು ನನ್ನ ಕಾಲು ಈಗಲೂ ಆಣೆ ಮಾಡುತ್ತದೆ.

"ಅಕ್ಕ, ಕಾಲೆತ್ತು" ಅಂದಳು ಪುಟ್ಟಿ. ಕಿರುಚಲಿಲ್ಲ. ಮೆಲ್ಲಗೇ ಹೇಳಿದಳು. ಎತ್ತಲಾಗಲಿಲ್ಲ. ಎತ್ತಿದರೆ ಕಾರು ಕೈತಪ್ಪುತ್ತದೆ ಅನಿಸಿತ್ತು.

ಗೋಡೆ. ಗೋಡೆಗೂ ನಮಗೂ ನಡುವೆ ವೀಲ್‌ಚೇರ್. ಅದರ ಹಿಂದೆ ಅವನು.

ಇಳಿದು ಓಡಿದೆ. ಕೈಗೆ ಅದರ ಕೆಲಸ ನೆನಪಿತ್ತು. ಶಾಲು ಹರಿದು ಅವನ ತೊಡೆಗೆ ಬಿಗಿದೆ, ರಕ್ತ ನಿಲ್ಲಲಿ ಎಂದು. ಮುಖವೆಲ್ಲ ಬಿಳಿಚಿಕೊಂಡಿತ್ತು. ಆ ಹೊತ್ತಿನಲ್ಲೂ ನನ್ನನ್ನೇ ಕೇಳಿದ — "ನಿಮಗೇನೂ ಆಗಿಲ್ಲ ತಾನೇ, ಸಿಸ್ಟರಕ್ಕ?"

ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

ಪುಟ್ಟಿಗೆ ಬೆಲ್ಟ್ ಬಿಗಿದು ಎದೆಮೂಳೆ ಬಿರುಕು ಬಿಟ್ಟಿದೆ. ನನಗೆ ಒಂದು ತರಚು ಗಾಯವೂ ಇಲ್ಲ.

ಮೇ 11, ಶನಿವಾರ

ಅವನನ್ನು ನೋಡಲು ಹೋದೆ. ಬೇಡ ಅಂದಳು ಹೆಡ್‌ಮೇಡಂ, ವಕೀಲರೂ ಬೇಡ ಅಂದಿದ್ದಾರೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ಸಿನಲ್ಲಿ ಹೋದೆ.

ಅವನು ಮಲಗಿದ್ದ. ಕಾರಿಡಾರಿನ ಬೆಂಚಿನ ಮೇಲೆ ಅವನ ಹೆಂಡತಿ. ಟೈಲರ್ ಅಂತೆ. ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ನಾನು ಇಂಥವಳು ಅಂದೆ. ಸೂಜಿ ನಿಂತಿತು. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ತಲೆ ಎತ್ತದೆ ಹೇಳಿದಳು —

"ಪಕ್ಕಕ್ಕೆ ಸರಿಯೋಕೆ ಟೈಮಿತ್ತಂತೆ. ನಿಮ್ ಗಾಡಿ ಅಂತ ನೋಡಿ ಸರೀಲಿಲ್ವಂತೆ. ಅಕ್ಕ ನಿಲ್ಲಿಸ್ತಾರೆ ಅಂತ."

ಮತ್ತೆ ಹೊಲಿಯತೊಡಗಿದಳು.

ಒಯ್ದಿದ್ದ ಹಣ್ಣನ್ನು ಬೆಂಚಿನ ತುದಿಯಲ್ಲಿಟ್ಟು ಬಂದೆ.

ಮೇ 20, ಸೋಮವಾರ

ಪೊಲೀಸರು ಮರ್ಯಾದೆಯಾಗಿಯೇ ಮಾತಾಡಿದರು. ಏಪ್ರಿಲ್ ತಿಂಗಳ ಫಿಟ್‌ನೆಸ್ ಸರ್ಟಿಫಿಕೇಟ್ ನೋಡಿ ವಕೀಲರಿಗೆ ಸಮಾಧಾನ. ಅದೊಂದು ಇರೋದಕ್ಕೆ ನೀವು ಬಚಾವು ಅಂದರು. ವೈದ್ಯರೇ ಸರಿ ಎಂದ ಮೇಲೆ ಇವರದೇನು ತಪ್ಪು ಎಂದು ವಾದಿಸುತ್ತಾರಂತೆ.

ಲೈಸೆನ್ಸ್ ಪೊಲೀಸರ ಟೇಬಲ್ ಮೇಲಿಟ್ಟೆ. ಯಾರೂ ಕೇಳಿರಲಿಲ್ಲ. ನಿಮ್ಮ ಹತ್ರಾನೇ ಇಟ್ಕೊಳ್ಳಿ, ಮುಂದೆ ನೋಡೋಣ ಅಂದರು. ಮುಂದೆ ನೋಡುವುದೇನೂ ಇಲ್ಲ, ಅಲ್ಲೇ ಬಿಟ್ಟು ಬಂದೆ. ಕಾರನ್ನು ಹೆಡ್‌ಮೇಡಂ ಗುಜರಿಗೆ ಕೊಟ್ಟಳು.

ನನಗೆ ಹಗುರವಾಗಲಿಲ್ಲ.

ಜೂನ್ 3, ಸೋಮವಾರ

ಟ್ಯಾಕ್ಸಿಯವನು ಒಳ್ಳೆಯವನು, ಮೆತ್ತಗೆ ಓಡಿಸುತ್ತಾನೆ. ಹಾಗಿದ್ದೂ ಪುಟ್ಟಿ ಬಾಗಿಲ ಹಿಡಿ ಹಿಡಿದುಕೊಂಡು ಬೆವರುತ್ತಾಳೆ. ಯಾರಾದರೂ ಹಾರ್ನ್ ಹೊಡೆದರೆ ಮೈಯೆಲ್ಲ ಬಿಗಿಯುತ್ತದೆ. ಗೇಟಿನ ಹತ್ತಿರ ಕಣ್ಣು ಮುಚ್ಚುತ್ತಾಳೆ. ಅಲ್ಲೀಗ ಬೇರೆ ವಾಚ್‌ಮನ್ ಇದ್ದಾನೆ. ನಮ್ಮನ್ನು ನೋಡಿಯೂ ನೋಡದ ಹಾಗಿರುತ್ತಾನೆ. ವೀಲ್‌ಚೇರ್ ನಾನೇ ಹುಡುಕಿ ತರಬೇಕು.

ಮೆಷಿನ್ ಮೇಲೆ ಮತ್ತೆ ಬಿಪಿ ಇಳಿಯಿತು. ಅರ್ಧಕ್ಕೇ ನಿಲ್ಲಿಸಿದರು. ಎದೆಮೂಳೆ ಕೂಡಿಲ್ಲ, ಕೆಮ್ಮಿದರೆ ಜೀವ ಬಾಯಿಗೆ ಬರುತ್ತದೆ. ರಾತ್ರಿಯೆಲ್ಲ ಕೂತೇ ಇರುತ್ತಾಳೆ.

ನರ್ಸಾಗಿದ್ದವಳು ನಾನು. ಇದು ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.

ಜೂನ್ 21, ಶುಕ್ರವಾರ

ಟ್ಯಾಕ್ಸಿ ಬಂದು ಹಾರ್ನ್ ಹೊಡೆಯಿತು. ಪುಟ್ಟಿ ಮಂಚದಿಂದ ಏಳಲಿಲ್ಲ. ಗದರಿಸಿದೆ, ಗೋಗರೆದೆ. ಟ್ಯಾಕ್ಸಿ ವಾಪಸ್ ಹೋಯಿತು.

ನನ್ನ ಮೇಲಿನ ಸಿಟ್ಟೇನೇ ಅಂತ ಕೇಳಿದೆ. ಅಲ್ಲ ಎಂದು ತಲೆಯಾಡಿಸಿದಳು. ಕೈ ಹಿಡಿದುಕೊಂಡಳು. ಕೈ ಊದಿಕೊಂಡಿತ್ತು, ಒತ್ತಿದರೆ ಗುಳಿ ಬೀಳುವಷ್ಟು.

"ನಾನು ಡಯಾಲಿಸಿಸ್‌ಗೆ ಅಂತ ಹೋಗ್ತಿರಲಿಲ್ಲ ಕಣೇ ಅಕ್ಕ. ನಿನ್ನ ಜೊತೆ ಕಾರಲ್ಲಿ ಹೋಗ್ತಿದ್ದೆ. ಆಸ್ಪತ್ರೆ ಮಧ್ಯೆ ಬರ್ತಿತ್ತು, ಅಷ್ಟೆ."

ಎದ್ದು ಅಡುಗೆಮನೆಗೆ ಹೋದೆ. ನಲ್ಲಿ ಜೋರಾಗಿ ಬಿಟ್ಟು ನಿಂತೆ, ಅವಳಿಗೆ ಕೇಳಿಸದಿರಲಿ ಎಂದು.

ಜುಲೈ 7, ಭಾನುವಾರ

ಡಾಕ್ಟರು ಮನೆಗೇ ಬಂದಿದ್ದರು. ಹೃದಯಕ್ಕೆ ಶಕ್ತಿಯಿಲ್ಲ, ಎಳೆದುಕೊಂಡು ಹೋಗಿ ಮೆಷಿನ್‌ಗೆ ಹಾಕಬಹುದು, ಮೆಷಿನ್ ಮೇಲೇ ಜೀವ ಹೋಗಲೂಬಹುದು ಅಂದರು. ಪುಟ್ಟಿಯನ್ನೇ ಕೇಳಿದರು. ಸಾಕು ಅಂದಳು. ಗೊತ್ತಿದ್ದೇ ಹೇಳುತ್ತಿದ್ದೀರಾ ಎಂದು ಎರಡು ಸಲ ಕೇಳಿದರು. ಟಿಕೆಟ್ ವಾಪಸ್ ತಗೊಳ್ಳಲ್ಲ ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನೊಬ್ಬಳೇ ನಕ್ಕೆ, ನಕ್ಕು ಬಾಯಿ ಮುಚ್ಚಿಕೊಂಡೆ.

ಹೆಡ್‌ಮೇಡಂ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿಕೊಂಡು ಕೇಳಿದಳು — "ಅವತ್ತು ಕೀ ಕೊಟ್ಟಿದ್ರೆ?"

ಹೂಂ ಅಂದೆ.

ಅವಳು ಇನ್ನೇನೋ ಹೇಳಲು ಹೊರಟು, ನನ್ನ ಹೆಗಲಿಗೆ ಹಣೆ ಆನಿಸಿ ಅತ್ತಳು. ಕೈ ಮೇಲೆತ್ತಿ ಅವಳ ತಲೆ ಸವರುವ ಧೈರ್ಯ ನನಗೆ ಬರಲಿಲ್ಲ.

ಜುಲೈ 14, ಭಾನುವಾರ

ಹೆಡ್‌ಮೇಡಂ ರಜೆ ಹಾಕಿ ಇಲ್ಲೇ ಇದ್ದಾಳೆ. ಹಗಲು ಅವಳು, ಮಿಕ್ಕಂತೆ ನಾನು. ಪುಟ್ಟಿಗೆ ಎಚ್ಚರ ಕಡಿಮೆ. ಎಚ್ಚರವಾದಾಗ ಮೈ ಕೆರೆದುಕೊಳ್ಳುತ್ತಾಳೆ. ಎಣ್ಣೆ ಸವರುತ್ತೇನೆ. ಬೆನ್ನ ಮೇಲೆ ಹುಣ್ಣಾಗದಂತೆ ಹೊರಳಿಸುತ್ತೇನೆ. ಇಷ್ಟು ಬರುತ್ತದೆ ನನಗೆ.

ವಾಚ್‌ಮನ್ ಮನೆಗೆ ಹೋಗಿದ್ದಾನಂತೆ. ಇನ್ನು ಅವನಿಗೆ ಗೇಟಿನ ಕೆಲಸ ಕೊಡುವುದಿಲ್ಲವಂತೆ, ನಿಂತು ಮಾಡುವ ಕೆಲಸವಲ್ಲವೇ ಅದು! ವಕೀಲರು ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ ಇನ್ನೊಂದು ಹೇಳಿದರು — ಕೇಸಿನಲ್ಲಿ ನನಗೆ ಹೆಚ್ಚೇನೂ ಆಗುವುದಿಲ್ಲ.

ಜುಲೈ 18, ಗುರುವಾರ, ಬೆಳಗ್ಗೆ ಆರೂವರೆ

ಹೆಡ್‌ಮೇಡಂ ಮಲಗಿದ್ದಾಳೆ. ಎಬ್ಬಿಸಬೇಕು, ಇನ್ನೊಂದು ನಿಮಿಷ.

ಪುಟ್ಟಿಯ ಉಸಿರು ಬದಲಾಗಿದೆ. ನಿಲ್ಲುತ್ತದೆ, ಮತ್ತೆ ಬರುತ್ತದೆ. ಈಗಷ್ಟೇ ಕಣ್ಣು ತೆರೆದು, ಹೊತ್ತಾಯ್ತು, ಕಾರು ತೆಗಿ ಅಂದಳು. ತೆಗೆದೆ ಅಂದೆ. ಬೆಲ್ಟ್ ಹಾಕಿದೆಯಾ ಅಂದಳು. ಹೂಂ. ದಿಂಬಿನ ಪಕ್ಕ ಕೂತು ಒಂದು ಕೈ ಅವಳಿಗೆ ಕೊಟ್ಟಿದ್ದೇನೆ, ಇನ್ನೊಂದರಲ್ಲಿ ಬರೆಯುತ್ತಿದ್ದೇನೆ.

"ಎಲ್ಲಿಗೆ ಬಂದ್ವಿ?" ಅಂತ ಕೇಳುತ್ತಾಳೆ. ಮೆಡಿಕಲ್ ಶಾಪ್ ದಾಟಿತು ಅಂದೆ. ಕಣ್ಣು ಮುಚ್ಚಿಯೇ ನಕ್ಕಳು. ಟಾಕೀಸು ಬಂತು ಅಂದೆ. ಮತ್ತೆ ಕೇಳಿದಳು. ಸಿಗ್ನಲ್ ಅಂದೆ, ಹಸಿರಿದೆ. ಮತ್ತೆ ಕೇಳಿದಳು. ಎಡಕ್ಕೆ ತಿರುಗಿದೆವು ಪುಟ್ಟಿ ಅಂದೆ.

ಮತ್ತೆ ಕೇಳುತ್ತಿದ್ದಾಳೆ. ಆ ರಸ್ತೆಯಲ್ಲಿ ಇನ್ನು ಉಳಿದಿರುವುದು ಆಸ್ಪತ್ರೆಯ ಗೇಟೊಂದೇ.