ಒಂದು ನಳ, ಎರಡು ಕೀಲಿ

ಮಾಳಮಡ್ಡಿ, ಧಾರವಾಡ
ಆಗಸ್ಟ್ ೨೧, ಗುರುವಾರ

ಪ್ರೀತಿಯ ಮಮ್ಮಿಗೆ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನನಗೆ ಜ್ವರ ಇಲ್ಲ, ಫೋನ್ ಕಳೆದಿಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ. “ಫೋನಿನಾಗ ಬರೇ ಓಕೆ ಓಕೆ ಅಂತಿ, ವಾರಕ್ಕೊಂದು ಪತ್ರ ಬರಿ, ಹಾಸ್ಟೆಲಿನಾಗ ಇದ್ದೂ ಇದ್ದೂ ನಿನ್ನ ಕನ್ನಡ ತುಕ್ಕು ಹಿಡದೈತಿ” ಎಂದವಳು ನೀನೇ. ಈ ಪತ್ರ ಪೋಸ್ಟಿನಲ್ಲಿ ವಿದ್ಯಾನಗರ ಮುಟ್ಟುವಷ್ಟರಲ್ಲಿ ನಾನು ನಡೆದೇ ಬಂದು ಹೇಳಬಹುದಿತ್ತು. ಆದರೆ ಈ ಸಲದ ವಿಷಯ ನಿನ್ನ ಮುಖ ನೋಡಿ ಹೇಳುವಂಥದ್ದಲ್ಲ.

ಭಾನುವಾರ ನೀನು ಬರುತ್ತೀ, ಬ್ಯಾಗಿನಲ್ಲಿ ಬಿ.ಕಾಂ. ಅರ್ಜಿ ತರುತ್ತೀ ಎಂದು ಪಪ್ಪಾ ಹೇಳಿದರು. ದಂಡ ಕಟ್ಟಿದರೆ ಮನೆ ಹತ್ತಿರದ ಕಾಲೇಜಿನಲ್ಲಿ ಇನ್ನೂ ಸೀಟು ಇದೆಯಂತೆ. “ಪೊಲಿಟಿಕಲ್ ಸೈನ್ಸ್ ಓದಿ ಯಾವ ದೇಶ ಆಳಾಕಿ ನೀ?” ಎಂದು ಜೂನ್‌ನಲ್ಲಿ ಕೇಳಿದ್ದೆಯಲ್ಲ, ಈಗ ಉತ್ತರ ಸಿಕ್ಕಿದೆ. ದೇಶವಲ್ಲ, ಎರಡು ಮನೆ. ಆಳಲೂ ಇಲ್ಲ, ಅವುಗಳ ನಡುವೆ ಯುದ್ಧ ಹಚ್ಚಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳುತ್ತೇನೆ. ಇಷ್ಟೆಲ್ಲ ಕೇಳಿದ ಮೇಲೂ ನನ್ನನ್ನು ಇಲ್ಲೇ ಓದಲು ಬಿಡಬೇಕು ಎನ್ನುವುದು ನನ್ನ ವಿನಂತಿ.

ನಾನು ಬಾಡಿಗೆಗಿರುವ ಮನೆ ಒಂದು ಕಾಲಕ್ಕೆ ಒಂದೇ ಇತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ನಡುವೆ ಎದೆಮಟ್ಟದ ಗೋಡೆ ಬಂತು. ಈ ಕಡೆ ನಮ್ಮ ಮನೆಯೊಡತಿ ಚನ್ನಬಸವ್ವ ಆಯಿ, ಆ ಕಡೆ ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ದಾಕ್ಷಾಯಿಣಿ ಕಾಕು. ಗಂಡಂದಿರಿಬ್ಬರೂ ತೀರಿಹೋದರು, ಮಾತು ಬಿಟ್ಟದ್ದು ಮಾತ್ರ ಹಾಗೇ ಉಳಿಯಿತು. ಅಂಗಳದಲ್ಲಿ ಇಬ್ಬರಿಗೂ ಸೇರಿ ಒಂದೇ ನಳ. ಅದರ ವಾಲ್ವ್ ಮೇಲೆ ಒಂದು ಕಬ್ಬಿಣದ ಮುಚ್ಚಳ. ವಾರಕ್ಕೊಮ್ಮೆ ನೀರು ಬಂದಾಗ ಮುಚ್ಚಳ ತೆಗೆದು ವಾಲ್ವ್ ತಿರುಗಿಸಿದರೆ ಎರಡೂ ಮನೆಯ ಟಾಕಿ ತುಂಬುತ್ತವೆ.

ಮಾತಿಲ್ಲದಿದ್ದರೂ ಪಂಚಮಿ ಉಂಡಿ ಮಾತ್ರ ಗೋಡೆ ದಾಟಲೇಬೇಕು, ಹಾಗೆ ಇಲ್ಲಿಯ ಪದ್ಧತಿ. ದಾಟಿಸುವ ರಾಯಭಾರಿ ನಾನು. ಆಯಿ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ, ಎಳ್ಳು, ರವೆ ಉಂಡಿ ಕಳಿಸಿದರು. ಅದೇ ಡಬ್ಬಿ ಬೇಸನ್ ಉಂಡಿಯನ್ನೂ ಕೂಡಿಸಿಕೊಂಡು ವಾಪಸ್ ಬಂತು. ಆಯಿ ಕಣ್ಣು ಸಣ್ಣದು ಮಾಡಿ, “ಒಂದ ನಮೂನಿ ಹೆಚ್ಚಿಗೆ ಕಳಿಸ್ಯಾಳ. ನಮ್ಮನ್ನ ಏನಂತ ತಿಳಕೊಂಡಾಳ ಅಕಿ?” ಎಂದು ಗುಳ್ಳಡಿಕೆ ಉಂಡಿಗೆ ಕೈ ಹಾಕಿದರು. ಹೀಗೆ ಡಬ್ಬಿ ದೊಡ್ಡದಾಗುತ್ತಾ ಹೋಯಿತು, ನಾನೂ ದಪ್ಪಗಾಗುತ್ತಾ ಹೋದೆ. ಇದಕ್ಕೆ ನಮ್ಮ ಸಿಲಬಸ್‌ನಲ್ಲಿ ಶಸ್ತ್ರಾಸ್ತ್ರ ಪೈಪೋಟಿ ಎನ್ನುತ್ತಾರೆ.

ಕಾಕು ತಮ್ಮ ಸರದಿಗೆ ಕಳಿಸಿದ ಡಬ್ಬಿಯ ಉಂಡಿ ತಿಂದು ಮುಗಿದ ಹೊತ್ತಿಗೆ ಆಯಿ ಸಂಬಂಧಿಕರ ಮದುವೆಗೆ ಹೊರಟರು. ಹೋಗುವಾಗ, “ಆ ಡಬ್ಬಿ ಅಕಿಗೆ ಮುಟ್ಟಿಸಿಬಿಡವಾ” ಎಂದರು. ಮುಟ್ಟಿಸಿದೆ. ಎರಡು ಸಲ ಸೋಪು ಹಚ್ಚಿ ತಿಕ್ಕಿ, ನನ್ನ ಟವೆಲಿನಲ್ಲಿ ಒರೆಸಿ, ಮುಖ ಕಾಣುವಂತೆ ಮಾಡಿ ಕೊಟ್ಟೆ. ಶಾಲೆಯ ಹಾಸ್ಟೆಲಿನಲ್ಲಿ ತಟ್ಟೆಗೆ ಎಣ್ಣೆ ಅಂಟಿದ್ದರೆ ಮೇಟ್ರನ್ ಹಿಂದಕ್ಕೆ ಕಳಿಸುತ್ತಿದ್ದರು, ನನಗೆ ಗೊತ್ತಿದ್ದ ಮರ್ಯಾದೆ ಅದೊಂದೇ. ಕಾಕು ಮುಚ್ಚಳ ತೆಗೆದು ಒಳಗೆ ನೋಡಿದರು. ಡಬ್ಬಿ ಬೋರಲು ಮಾಡಿದರು. “ಇಷ್ಟ ಏನು?” ಎಂದರು. ನಾನು ಹೆಮ್ಮೆಯಿಂದ, “ಹೂಂ ರೀ ಕಾಕು, ಫುಲ್ ಕ್ಲೀನ್” ಎಂದೆ.

ಸಂಜೆ ಗೋಡೆಯಾಚೆಯಿಂದ ಓಣಿಗೆಲ್ಲ ಕೇಳುವಂತೆ ಬಂತು: “ಒಂದು ಚಿಮಟಿ ಸಕ್ರಿಯಾದ್ರೂ ಹಾಕಬಾರದಿತ್ತ? ನಮ್ಮ ಮನಿ ಏನು ಸುಡುಗಾಡೇನು, ಖಾಲಿ ಡಬ್ಬಿ ಕಳಿಸಾಕ?” ಆಗ ಗೊತ್ತಾಯಿತು, ಮಮ್ಮಿ, ಕೊಟ್ಟ ಪಾತ್ರೆಯನ್ನು ಇಲ್ಲಿ ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ನಮ್ಮ ಮನೆಯಲ್ಲೂ ಹೀಗೇನಾ? ಇರಬೇಕು. ರಜೆಗೆ ಬಂದಾಗ ನೀನು ನನ್ನನ್ನು ಅಡುಗೆಮನೆಗೇ ಬಿಡುತ್ತಿರಲಿಲ್ಲ, ನಾಲ್ಕು ದಿನ ಇರುವ ಮಗಳು ಆರಾಮ ಇರಲಿ ಎಂದು.

ಆಯಿ ಬಂದು ನೋಡಿದರೆ, ಎರಡೂ ಮನೆಗೆ ಸೇರಿದ ಬಟ್ಟೆ ಹಗ್ಗವನ್ನು ಕಾಕು ಬಿಚ್ಚಿಕೊಂಡು ಹೋಗಿದ್ದಾರೆ. ಕಾರಣ ಆಯಿಗೆ ಗೊತ್ತಿಲ್ಲ. “ಸೊಕ್ಕು ಬಂದೈತಿ ಅಕಿಗೆ” ಎಂದರು. ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಅದೇ ವಾರ ನಮ್ಮ ಶಿವಯೋಗೀಶ ಸರ್ ನನಗೆ ಸೆಮಿನಾರ್ ಕೊಟ್ಟಿದ್ದರು. ರಾಜ್ಯ ರಾಜ್ಯಗಳ ಸಂಬಂಧದ ಬಗ್ಗೆ ರಾಜಕೀಯ ತತ್ವಜ್ಞಾನಿಗಳು ಏನು ಯೋಚಿಸಿದ್ದಾರೆ ಎಂಬುದು ವಿಷಯ. ತಪ್ಪು ಒಪ್ಪುವುದಕ್ಕಿಂತ ಥಿಯರಿ ಹೇಳುವುದು ಸುಲಭವಾಗಿ ಕಂಡಿತು.

ಹಳೆಯ ಇಂಗ್ಲಿಷ್ ತತ್ವಜ್ಞಾನಿಯೊಬ್ಬನ ಪ್ರಕಾರ ಎಲ್ಲರ ಮೇಲೆ ಒಬ್ಬ ದೊಡ್ಡವ ಇಲ್ಲದಿದ್ದರೆ ಎಲ್ಲರೂ ಎಲ್ಲರಿಗೂ ಹೆದರುತ್ತಾರೆ. ರಾಜರ ಮೇಲೆ ಯಾರೂ ಇಲ್ಲ, ಅದಕ್ಕೇ ಅವರು ಸದಾ ಆಯುಧ ಹಿಡಿದು ಒಬ್ಬರನ್ನೊಬ್ಬರು ದಿಟ್ಟಿಸುತ್ತಿರುತ್ತಾರೆ. ಚಹಾ ಕುಡಿಯುತ್ತಾ ಇದನ್ನು ಆಯಿಗೆ ವಿವರಿಸಿದೆ.

“ಖರೇ ಹೇಳ್ಯಾನ ನೋಡವಾ. ಯಾವ ಊರಾಂವ?”

“ಇಂಗ್ಲೆಂಡ್‌ನವನು, ಆಯಿ.”

“ಅಲ್ಲೂ ನೆಗೆಣ್ಣಿ ಇರ್ತಾರೇನು?”

ಮರುದಿನವೇ ಪೇಟೆಯಿಂದ ಒಂದು ಕೀಲಿ ಬಂತು, ವಾಲ್ವಿನ ಮುಚ್ಚಳಕ್ಕೆ ಬಿತ್ತು. “ನಮ್ಮ ರಕ್ಷಣಾಕ್ಕ ಅಷ್ಟ” ಎಂದರು ಆಯಿ. ಸಂಜೆ ಅದೇ ಕೊಂಡಿಗೆ ಕಾಕು ಅದಕ್ಕಿಂತ ದೊಡ್ಡ ಕೀಲಿ ಜಡಿದರು, ಅದೂ ಅವರ ರಕ್ಷಣೆಗೇ. ಒಬ್ಬರು ರಕ್ಷಣೆಗೆಂದು ಮಾಡಿದ್ದು ಇನ್ನೊಬ್ಬರಿಗೆ ದಾಳಿಯಂತೆ ಕಾಣುತ್ತದೆ ಎಂದು ಸರ್ ಮುಂದಿನ ಕ್ಲಾಸಿನಲ್ಲಿ ಹೇಳಿದರು. ಒಂದು ಕ್ಲಾಸ್ ಮುಂಚೆ ಹೇಳಬಾರದಿತ್ತೇ?

ನಮ್ಮ ದೇಶದ ಹಳೆಯ ರಾಜನೀತಿಯನ್ನೂ ಪ್ರಯತ್ನಿಸಿದೆ. ಅದರ ಪ್ರಕಾರ ಪಕ್ಕದ ರಾಜ ಶತ್ರು, ಅವನ ಆಚೆಯ ರಾಜ ಮಿತ್ರ. ಇದನ್ನು ಕೇಳಿದ್ದೇ ಆಯಿ, ಕಾಕುವಿನ ಆಚೆಮನೆಯ ಏಕನಾಥ ಮಾಸ್ತರಿಗೆ ಡಬ್ಬಿ ತುಂಬ ಉಂಡಿ ಕಳಿಸಿದರು. ಕಾಕು ಯಾವ ಪುಸ್ತಕವನ್ನೂ ಓದದೆ ನಮ್ಮ ಈಚೆಮನೆಯ ಅಬ್ದುಲಮಜೀದ ಚಾಚಾಗೆ ಕಳಿಸಿದರು. ಓಣಿಗೆಲ್ಲ ಹಬ್ಬ, ನಮ್ಮೆರಡು ಮನೆ ಬಿಟ್ಟು.

ನಿನ್ನೆ ಬೆಳಿಗ್ಗೆ ನಳ ಬಂತು. ಓಣಿಯ ತುಂಬ ಕೊಡಗಳ ಸದ್ದು. ನಮ್ಮ ಪೈಪು ಒಳಗೇ ಗೊಳಗೊಳ ಎನ್ನುತ್ತಿದೆ, ಮುಚ್ಚಳದ ಮೇಲೆ ಎರಡು ಕೀಲಿ. ಎರಡೂ ಟಾಕಿಯ ತಳ ಕಾಣುತ್ತಿತ್ತು. ನೀರು ಇರುವುದು ಒಂದು ತಾಸು, ಹೋದರೆ ಮತ್ತೆ ಒಂದು ವಾರ.

ಸೆಮಿನಾರಿನ ಪಟ್ಟಿಯಲ್ಲಿ ನನಗೆ ಉಳಿದಿದ್ದವನು ಒಬ್ಬನೇ, ಜರ್ಮನಿಯ ಒಬ್ಬ ಮದುವೆಯಾಗದ ತತ್ವಜ್ಞಾನಿ. ರಾಜ್ಯಗಳು ಒಪ್ಪಂದದಿಂದ ಶಾಶ್ವತ ಶಾಂತಿ ಸಾಧಿಸಬಹುದು, ಪರನಾಡಿಗೆ ಹೋದವನನ್ನು ಅಲ್ಲಿಯವರು ಶತ್ರುವೆಂದು ಕಾಣಬಾರದು ಎಂದವನು. ಅವನನ್ನು ನಂಬಿ ಕಾಕುವಿನ ಬಾಗಿಲಿಗೆ ಹೋದೆ. “ಬಾ, ಚಾ ಕುಡಿ. ಕೀಲಿಕೈ ಅಷ್ಟ ಕೇಳಬ್ಯಾಡ” ಎಂದರು. ಅವನು ಹೇಳಿದ್ದು ಅಲ್ಲಿಯವರೆಗೆ ಸರಿ. ಚಹಾ ಕುಡಿದು ಬಂದೆ.

ಕಡೆಗೆ ಇಬ್ಬರೂ ಕೀಲಿಕೈ ಹಿಡಿದು ವಾಲ್ವಿನ ಎರಡು ಬದಿಗೆ ನಿಂತರು. “ಮೊದಲ ಅಕಿ ತಗೀಲಿ ಅನ್ನು.” “ಹಿರೇರು ಅದಾರ, ಅವರ ತಗೀಲಿ ಅಂತ ಹೇಳು.” ಒಂದು ಮೊಳ ದೂರದಲ್ಲಿದ್ದ ಇಬ್ಬರ ನಡುವೆ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ. ಒಟ್ಟಿಗೇ ತೆಗೆಯಿರಿ ಎಂದು ಒನ್, ಟೂ, ಥ್ರೀ ಹೇಳಿದೆ. ಥ್ರೀಗೆ ಇಬ್ಬರೂ ಕೈ ಅಲುಗಿಸಲಿಲ್ಲ, ಮತ್ತೊಬ್ಬರ ಕೈ ಅಲುಗಿತೇ ಎಂದು ನೋಡಿದರು.

ಪೈಪಿನ ಸದ್ದು ತೆಳ್ಳಗಾಗತೊಡಗಿತು. ನನಗೆ ತಡೆಯಲಾಗಲಿಲ್ಲ. “ಖಾಲಿ ಡಬ್ಬಿ ಕೊಟ್ಟಾಕಿ ನಾನ ರೀ! ಆಯಿಗೆ ಗೊತ್ತಿಲ್ಲ!” ಎಂದು ಕೂಗಿಬಿಟ್ಟೆ.

ಆಯಿ ನನ್ನನ್ನು ಬಿಟ್ಟು ನೇರವಾಗಿ ಕಾಕುವನ್ನೇ ಕೇಳಿದರು: “ಏನಂತಾಳ ಈಕಿ?”

“ಡಬ್ಬಿ ತೊಳದು ತಂದು ಕೊಟ್ಲು ಅಕ್ಕಾ. ಖಾಲಿ.”

“ಖಾಲಿ? ನನ್ನ ಹೆಸರಿಲೆ?”

“ಥಳಥಳ ಹೊಳೀತಿತ್ತು!”

“ಅಯ್ಯ ನಿನ್ನ!” ಎಂದು ಆಯಿ ನನ್ನ ಕಡೆ ತಿರುಗಿದರು. ಕಾಕುವೂ ತಿರುಗಿದರು. ಆಮೇಲೆ ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಬೈದರು, ಎಲ್ಲೂ ಗ್ಯಾಪ್ ಬೀಳಲಿಲ್ಲ. “ಇಂಗ್ಲೆಂಡಿನಾಂವನ ಸುದ್ದಿ ಹೇಳ್ತಾಳ, ಡಬ್ಬಿಗೆ ಸಕ್ರಿ ಹಾಕೂದು ಗೊತ್ತಿಲ್ಲ!” “ಕೀಲಿ ಹಾಕಿಸಿದಾಕಿನೂ ಈಕೀನ ಏನ್ ಅಕ್ಕಾ?” ಬೈಯುತ್ತಾ ಬೈಯುತ್ತಾ ಯಾರು ಮೊದಲು ಕೀಲಿ ತೆಗೆದರೋ ಅವರಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತು, ಆದರೆ ಸಾಯುವವರೆಗೂ ಹೇಳುವುದಿಲ್ಲ. ಎರಡೂ ಟಾಕಿ ಅರ್ಧರ್ಧ ತುಂಬಿದವು.

ಸೋತ ಪಕ್ಷಕ್ಕೆ ಶರತ್ತುಗಳಿವೆ. ಎರಡೂ ಮನೆಯಲ್ಲಿ ನಾನೇ ಉಂಡಿ ಕಟ್ಟಬೇಕು. ಬಟ್ಟೆ ಹಗ್ಗ ನಾನೇ ಕಟ್ಟಬೇಕು. ಕಡೆಯದು ನಿನಗೆ: “ನಿಮ್ಮವ್ವನ್ನ ಕರಸು. ಅಕಿನ್ನ ಕೇಳೂದೈತಿ.” ಏನು ಕೇಳುತ್ತಾರೆ ಎಂದು ಊಹಿಸಬಲ್ಲೆ: ಮಗಳಿಗೆ ಇಷ್ಟೂ ಯಾಕೆ ಕಲಿಸಲಿಲ್ಲ ಎಂದು. ನನ್ನನ್ನು ಹಾಸ್ಟೆಲಿಗೆ ಹಾಕಿದ್ದು ನಿನ್ನ ನೈಟ್ ಡ್ಯೂಟಿಗಳಿಂದ, ನಾನು ಬೇಡವಾಗಿ ಅಲ್ಲ ಎಂದು ಆಗಲೇ ಹೇಳಿದ್ದೇನೆ. ಕಾಕು ಇನ್ನೊಂದು ಉಂಡಿ ಕೊಟ್ಟರು.

ಇದನ್ನೆಲ್ಲ ಸೆಮಿನಾರಿನಲ್ಲಿ ಹೇಳು ಎಂದಿದ್ದಾರೆ ಸರ್. ನನಗೂ ಹೇಳಬೇಕೆನಿಸಿದೆ, ಮಮ್ಮಿ. ಇಷ್ಟು ವರ್ಷ ಪುಸ್ತಕಗಳನ್ನು ಬಾಯಿಪಾಠ ಮಾಡಿದೆ. ಇದೊಂದು ಸಬ್ಜೆಕ್ಟ್ ಅಂಗಳದಲ್ಲಿ ನಡೆದಾಡುತ್ತಿದೆ. ಇದನ್ನು ಬಿಡಿಸಬೇಡ.

ಪೂರ್ತಿ ಶರಣಾಗಿರುವ ನಿನ್ನ ಮಗಳು,
ಈವ್ಲಿನ್

ಮರೆತಿದ್ದು: ಬಿ.ಕಾಂ. ಅರ್ಜಿಯ ಸುದ್ದಿ ಇಬ್ಬರಿಗೂ ಹೇಳಿಬಿಟ್ಟಿದ್ದೇನೆ. “ಹೆಂಗ ಒಯ್ತಾಳ ನೋಡೂಣು” ಎಂದು ಬೆಳಗಿನಿಂದ ಒಂದೇ ಕಟ್ಟೆಯ ಮೇಲೆ ಕೂತು, ಯಾರು ಏನು ಮಾತಾಡಬೇಕು ಎಂದು ಹಂಚಿಕೊಳ್ಳುತ್ತಿದ್ದಾರೆ. ಇಬ್ಬರೂ ಇಷ್ಟು ಹೊತ್ತು ಕೂಡಿ ಕೂತದ್ದನ್ನು ಓಣಿಯೇ ನೋಡಿಲ್ಲವಂತೆ. ಆದ್ದರಿಂದ ಒಂದು ಕೋರಿಕೆ. ನನ್ನನ್ನು ಇಲ್ಲೇ ಬಿಡಲು ನೀನು ಈಗಾಗಲೇ ಮನಸ್ಸು ಮಾಡಿದ್ದರೂ ಭಾನುವಾರ ಒಪ್ಪಬೇಡ. ಅರ್ಜಿ ಹೊರಗೆ ಕಾಣುವಂತೆ ಹಿಡಿದುಕೋ, “ನೋಡೂಣು” ಎಂದಷ್ಟೇ ಹೇಳಿ ಹೋಗು. ನೀನು ತಟ್ಟನೆ ಒಪ್ಪಿಬಿಟ್ಟರೆ ಜಗಳಕ್ಕೆ ಸೋಮವಾರದಿಂದ ಇವರಿಗೆ ಮತ್ತೆ ಒಬ್ಬರಿಗೊಬ್ಬರೇ ಗತಿ. ದಯವಿಟ್ಟು ಆದಷ್ಟು ಸಿಟ್ಟಿನಿಂದ ಬಾ.